ಮೂವತ್ತಮೂರು ಟ್ಯಾಂಕರ್ ನೀರು

‘ಸರ್, ಮಾಲಿನ್ಯ ನಿಯಂತ್ರಣ ಮಂಡಳಿಯವರು ಸ್ಯಾಂಪಲ್‌ಗೆ ಬರುವ ದಿನ ತ್ಯಾಜ್ಯನೀರಿಗೆ ಒಂದಿಷ್ಟು ಬೋರ್‌ವೆಲ್ ನೀರು ಬೆರೆಸಿಬಿಟ್ಟರೆ ಆಗುವುದಿಲ್ಲವೇ?’

ಪೀಣ್ಯದ ಪ್ಲೇಟಿಂಗ್ (ಲೋಹಲೇಪನ) ಘಟಕಗಳಿಗೆ ಇಟಿಪಿ, ಅಂದರೆ ತ್ಯಾಜ್ಯನೀರು ಶುದ್ಧೀಕರಣ ಘಟಕ, ಕಟ್ಟಿಸಿಕೊಡುವ ನನಗೆ ಈ ಪ್ರಶ್ನೆ ಎದುರಾಗದ ತಿಂಗಳಿಲ್ಲ. ಕೇಳುವವರು ಕಳ್ಳರಲ್ಲ. ಬ್ಯಾಂಕಿನ ಸಾಲ ಹೊತ್ತು, ಬಿಡಿಭಾಗಗಳಿಗೆ ಲೇಪನ ಮಾಡಿಕೊಟ್ಟು, ಬಿಲ್ಲಿನ ಹಣಕ್ಕೆ ತಿಂಗಳುಗಟ್ಟಲೆ ಕಾಯುವ ಜನ. ನಾನು ಹೋದರೆ ಮೊದಲು ಕಾಫಿ ತರಿಸುತ್ತಾರೆ, ಆಮೇಲೆ ಈ ಪ್ರಶ್ನೆ ಕೇಳಿ ಕಾಫಿಯನ್ನು ಕೆಡಿಸುತ್ತಾರೆ.

ಇನ್ನೊಮ್ಮೆ ಲೆಕ್ಕ ಹೇಳುತ್ತೇನೆ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಲೇಪನವಾದ ಬಿಡಿಭಾಗಗಳನ್ನು ತೊಳೆಯುವ ನಿಮ್ಮ ತೊಟ್ಟಿಯ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಒಂದು ಸಾವಿರ ಲೀಟರಿನಲ್ಲಿ 20 ಗ್ರಾಂ ಆಯಿತು. ಬರೀ ನೀರು ಬೆರೆಸಿ ಅದನ್ನು ಮಿತಿಗೆ ಇಳಿಸಬೇಕಾದರೆ ಒಟ್ಟು 2 ಲಕ್ಷ ಲೀಟರ್ ಆಗಬೇಕು. 6,000 ಲೀಟರಿನ ಟ್ಯಾಂಕರ್ ಮೂವತ್ತಮೂರು ಬಂದರೂ ಇನ್ನಷ್ಟು ಬಾಕಿ. ಅಷ್ಟನ್ನೂ ಸುರಿದಿರಿ ಎನ್ನೋಣ. ಚರಂಡಿಗೆ ಹೋದ ಕ್ರೋಮಿಯಂ ಎಷ್ಟು? ಅದೇ 20 ಗ್ರಾಂ. ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ. ವರದಿಯಲ್ಲಿ ಅಂಕಿ ಇಳಿಯಿತು, ಮಣ್ಣಿಗೆ ಬಿದ್ದದ್ದು ಬಿದ್ದೇ ಬಿತ್ತು.

ಒಬ್ಬ ಮಾಲೀಕರಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಅವರು ಬೆರೆಸಬೇಕೆಂದಿದ್ದ ಬೋರ್‌ವೆಲ್ ನೀರನ್ನೇ ಪ್ರಯೋಗಾಲಯಕ್ಕೆ ಕಳುಹಿಸಿದೆ. ಅದರಲ್ಲಿಯೇ ಕ್ರೋಮಿಯಂ 0.1 ದಾಟಿತ್ತು. ಮೂವತ್ತಮೂರಲ್ಲ, ಮೂರು ಸಾವಿರ ಟ್ಯಾಂಕರ್ ಸುರಿದರೂ ಮಿತಿಗೆ ಬರುವಂತಿರಲಿಲ್ಲ. ಯಾರು ಯಾವಾಗ ಬಿಟ್ಟದ್ದು ಆ ಆಳಕ್ಕೆ ಇಳಿದಿತ್ತೋ, ಹೇಳುವಂತಿಲ್ಲ. ಹೆಕ್ಸಾವೇಲೆಂಟ್ ರೂಪ ನೀರಿನಲ್ಲಿ ಸುಲಭವಾಗಿ ಕರಗಿ ದೂರ ಸಾಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಅದು ಪತ್ತೆಯಾಗಿರುವುದು ಹೊಸ ಸುದ್ದಿಯೂ ಅಲ್ಲ. ಆ ಮಾಲೀಕರು ವರದಿಯನ್ನು ಎರಡು ಬಾರಿ ಓದಿ, ‘ನಮ್ಮ ಹುಡುಗರು ಇದರಲ್ಲೇ ಮುಖ ತೊಳೆಯುತ್ತಾರಲ್ಲ’ ಎಂದರು.

ಶುದ್ಧೀಕರಣದ ವಿಧಾನ ನಿಮಗೆ ಗೊತ್ತೇ ಇದೆ. ಆಮ್ಲೀಯ ಸ್ಥಿತಿಯಲ್ಲಿ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದರೆ ವಿಷಕಾರಿ ರೂಪ ಬದಲಾಗಿ ನೀರಿನ ಹಳದಿ ಹಸಿರಾಗುತ್ತದೆ, ಸುಣ್ಣ ಹಾಕಿದರೆ ಕ್ರೋಮಿಯಂ ಸ್ಲಡ್ಜ್ (ಕೆಸರು) ಆಗಿ ತಳಕ್ಕೆ ಕೂರುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಅನುಮತಿ ಪಡೆದ ವಿಲೇವಾರಿ ಘಟಕಕ್ಕೆ ಕಳುಹಿಸಬೇಕು, ಖಾಲಿ ನಿವೇಶನಕ್ಕಲ್ಲ. ಇದಕ್ಕೆಲ್ಲ ಖರ್ಚಿದೆ, ಸಣ್ಣ ಘಟಕಕ್ಕೆ ಅದು ಭಾರವೇ. ‘ನಿಯಮ ಬಿಗಿ ಮಾಡಿದರೆ ಉದ್ಯಮ ಸಾಯುತ್ತದೆ’ ಎನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ತಮಿಳುನಾಡಿನ ತಿರುಪ್ಪೂರನ್ನು ನೋಡಿ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಉಪ್ಪುನೀರು ವರ್ಷಾನುಗಟ್ಟಲೆ ನೊಯ್ಯಲ್ ನದಿಗೆ ಹರಿಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಒಟ್ಟಿಗೆ ಮುಚ್ಚಿಸಿತು. ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ನದಿಗೆ ಏನು ಬಿಡಬೇಕೆಂದು ನಿರ್ಧರಿಸಿದವರಲ್ಲ.

ನೀತಿ ಮಾಡುವವರಿಗೂ ನನ್ನದೊಂದು ತಕರಾರಿದೆ. ಮಿತಿಯನ್ನು ಲೀಟರಿಗಿಷ್ಟು ಮಿಲಿಗ್ರಾಂ ಎಂದು ಬರೆದಾಗಲೇ ನೀರು ಬೆರೆಸುವ ಆಸೆ ಹುಟ್ಟುತ್ತದೆ. ಮಂಡಳಿ ಕೊಡುವ ಕನ್ಸೆಂಟ್ (ಅನುಮತಿ) ಪತ್ರದಲ್ಲಿ ದಿನಕ್ಕೆ ಇಷ್ಟೇ ನೀರು ಎಂದೂ ಇರುತ್ತದೆ, ನಿಜ. ಆದರೆ ಮೀಟರ್ ನೋಡುವವರು ಯಾರು? ದಿನಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕವೂ ಜೊತೆಗಿದ್ದರೆ ಮಾಲೀಕರ ಕಣ್ಣು ನಲ್ಲಿ ಬಿಟ್ಟು ಪ್ಲೇಟಿಂಗ್ ತೊಟ್ಟಿಯ ಕಡೆಗೆ ತಿರುಗೀತು.

ತಿರುಗಬೇಕಾದದ್ದೇ ಅಲ್ಲಿಗೆ. ಆ 20 ಗ್ರಾಂ ನೀವು ದುಡ್ಡು ಕೊಟ್ಟು ತಂದ ಕ್ರೋಮಿಕ್ ಆಮ್ಲದಿಂದಲೇ ಬಂದದ್ದು. ಬಿಡಿಭಾಗಗಳನ್ನು ತೂಗುಹಾಕುವ ಚೌಕಟ್ಟಾದ ಜಿಗ್ಅನ್ನು ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ಕೂಡಲೇ ತೊಳೆಯುವ ತೊಟ್ಟಿಗೆ ಅದ್ದಿದರೆ ಅಂಟಿಕೊಂಡ ದ್ರಾವಣವೂ ಜೊತೆಗೇ ಹೋಗುತ್ತದೆ. ಜಿಗ್ ಲೆಕ್ಕದಲ್ಲಿ ಕೂಲಿ ಕೊಟ್ಟು, ನಿಧಾನವಾಗಿ ಎತ್ತು ಎಂದರೆ ಹುಡುಗ ಕೇಳುವುದುಂಟೇ? ಬೋರ್‌ವೆಲ್ ವರದಿ ಓದಿದ ಅದೇ ಮಾಲೀಕರು ಪ್ಲೇಟಿಂಗ್ ತೊಟ್ಟಿಯ ಮೇಲೆ ಅಡ್ಡಲಾಗಿ ಒಂದು ಪೈಪ್ ಕಟ್ಟಿಸಿದರು. ಒಂದು ಜಿಗ್ ಅಲ್ಲಿ ನೇತಾಡುತ್ತ ಸೋರುವಷ್ಟರಲ್ಲಿ ಹುಡುಗ ಇನ್ನೊಂದನ್ನು ಅದ್ದುತ್ತಾನೆ. ಬಿಸಿ ಪ್ಲೇಟಿಂಗ್ ತೊಟ್ಟಿಯಲ್ಲಿ ಆವಿಯಾದಷ್ಟೇ ನೀರನ್ನು ಮೊದಲ ತೊಳೆತದ ನೀರಿನಿಂದ ವಾಪಸ್ ತುಂಬುತ್ತಾರೆ. ಎಲ್ಲರಿಗೂ ಇದು ಒಗ್ಗುತ್ತದೆ ಎನ್ನಲಾರೆ: ಕಬ್ಬಿಣದಂಥ ಕಶ್ಮಲವೂ ಮರಳಿ ಬಂದು ಲೇಪನ ಕೆಡಬಹುದು. ದ್ರಾವಣವನ್ನು ಆಗಾಗ ಪರೀಕ್ಷಿಸದೆ ಕೈಹಾಕಬೇಡಿ.

ಅವರು ಮೊನ್ನೆ ಫೋನ್ ಮಾಡಿದ್ದರು. ನೀರು ಬೆರೆಸುವ ವಿಷಯ ಎತ್ತಲಿಲ್ಲ. ನಿಕಲ್ ತೊಟ್ಟಿಗೆ ಪೈಪ್ ಎಷ್ಟು ಎತ್ತರದಲ್ಲಿರಬೇಕು ಎಂದು ಕೇಳಿದರು.