ತುತ್ತು ಕೊಡುವ ಮೊದಲು ಎಬ್ಬಿಸಿ ಕೂರಿಸಿ

ಕೋಲ್ಕತ್ತಾಗೆ ಹೊರಟವರು ನನಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು. "ಅಕ್ಕಾ, ಕಾಳಿಘಾಟ್‌ನಲ್ಲಿ ಮದರ್ ತೆರೇಸಾ ಅವರ ಮನೆಗೆ ಹೋಗ್ತಿದೀವಿ. ಅಲ್ಲಿರೋರಿಗೆ ನಾವೇ ಕೈಯಾರೆ ಊಟ ಮಾಡಿಸಬಹುದಾ?" ಹಳೇ ಬಟ್ಟೆ, ಹಣ್ಣು, ಫೋಟೋ, ಇವುಗಳ ವಿಷಯ ಅಲ್ಲಿನ ಕನ್ಯಾಸ್ತ್ರೀಯರೇ ಹೇಳುತ್ತಾರೆ. ನಾನು ಊಟದ ವಿಷಯ ಮಾತ್ರ ಹೇಳುತ್ತೇನೆ. ನರ್ಸ್ ಆಗಿ ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ, ಆದರೂ ಜನ ಕೇಳುವುದಿಲ್ಲ.

ಆ ಮನೆಯ ಹೆಸರು 'ನಿರ್ಮಲ ಹೃದಯ', ದಿಕ್ಕಿಲ್ಲದೆ ಸಾಯುವ ಸ್ಥಿತಿಯಲ್ಲಿರುವವರನ್ನು ನೋಡಿಕೊಳ್ಳಲು ಮದರ್ ಶುರು ಮಾಡಿದ ಆಶ್ರಯ. ಕಾಳಿ ದೇವಸ್ಥಾನಕ್ಕೆ ಅಂಟಿಕೊಂಡಂತೆಯೇ ಇದೆ. ಮೊದಲು ಯಾತ್ರಿಗಳು ತಂಗುವ ಜಾಗವಾಗಿತ್ತು. ನಗರಪಾಲಿಕೆ ಅದನ್ನು ಮದರ್ ಅವರಿಗೆ ಬಿಟ್ಟುಕೊಟ್ಟಿತು, 1952ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ಹೊರಗೆ ಕೆಂಪು ದಾಸವಾಳದ ಹಾರ, ಪೇಡದ ಅಂಗಡಿ, ಕೈ ಚಾಚಿ ಕೂತವರು. ಒಳಗೆ ಗಂಡಸರಿಗೊಂದು ವಾರ್ಡು, ಹೆಂಗಸರಿಗೊಂದು ವಾರ್ಡು, ಸಾಲಾಗಿ ತಗ್ಗು ಮಂಚಗಳು. ಫುಟ್‌ಪಾತ್‌ನಿಂದ, ರೈಲ್ವೆ ಸ್ಟೇಷನ್‌ನಿಂದ ಎತ್ತಿಕೊಂಡು ಬಂದವರು ಅಲ್ಲಿ ಮಲಗಿರುತ್ತಾರೆ.

ಮಲಗಿರುತ್ತಾರೆ ಅಂದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ.

ನಮ್ಮ ಗಂಟಲಲ್ಲಿ ಎರಡು ದಾರಿ ಇವೆ. ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ನುಂಗುವಾಗ ಉಸಿರಿನ ದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಲಕ್ವ ಹೊಡೆದವರಲ್ಲಿ, ತೀರಾ ನಿಶ್ಶಕ್ತರಲ್ಲಿ ಅದು ಸರಿಯಾಗಿ ಮುಚ್ಚದೇ ಹೋಗಬಹುದು. ಅಂಥವರನ್ನು ಮಲಗಿಸಿಯೇ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. "ಕೆಮ್ಮಲಿಲ್ವಲ್ಲ ಅಕ್ಕಾ" ಅನ್ನುತ್ತಾರೆ. ಕೆಮ್ಮುವ ಶಕ್ತಿಯೂ ಇಲ್ಲದವರು ಕೆಮ್ಮುವುದಿಲ್ಲ! ಎರಡು ಮೂರು ದಿನ ಬಿಟ್ಟು ಜ್ವರ, ಏದುಸಿರು, ನ್ಯುಮೋನಿಯಾ. ಅಷ್ಟು ಹೊತ್ತಿಗೆ ನೀವು ಊರಿಗೆ ವಾಪಸ್ ಬಂದಿರುತ್ತೀರಿ.

ಬೆಂಗಳೂರಿನ ಒಂದು ಆಶ್ರಮದಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ಮಗನ ಹುಟ್ಟುಹಬ್ಬಕ್ಕೆ ಬಂದಿದ್ದ ತಾಯಿ, ಬಹಳ ಒಳ್ಳೆಯ ಹೆಂಗಸು. ಮಲಗಿದ್ದ ಅಜ್ಜಿಯ ಬಾಯಿಗೆ ಲಾಡು ಇಟ್ಟು "ಒಂದೇ ಒಂದು ತುತ್ತು ಅಜ್ಜಿ, ನನಗೋಸ್ಕರ" ಅಂದರು. ಅಜ್ಜಿ ಬೇಡ ಅನ್ನಲಿಲ್ಲ. ಆ ವಯಸ್ಸಿನವರು ಬಂದವರ ಮನಸ್ಸು ನೋಯಿಸುವುದಿಲ್ಲ. ಮುಖ ನೀಲಿಗಟ್ಟಿತು. ಬಗ್ಗಿಸಿ ಬೆನ್ನಿಗೆ ಗುದ್ದಿ ಲಾಡು ಹೊರಗೆ ತೆಗೆದೆವು. ಆ ತಾಯಿ ಅವತ್ತಿಡೀ ಅಳುತ್ತಾ ಕೂತಿದ್ದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನಾವು ಎಲೆಯ ಮುಂದೆ ನಿಂತು "ಇನ್ನೊಂಚೂರು, ಇನ್ನೊಂಚೂರು" ಅಂತ ಬಡಿಸಿಯೇ ಪ್ರೀತಿ ತೋರಿಸುವ ಜನ. ಮದುವೆಮನೆಯಲ್ಲಿ ಅದು ಚೆನ್ನ. ರೋಗಿಯ ಮಂಚದ ಹತ್ತಿರ ಬೇಡ.

ಮೊದಲು ಅಲ್ಲಿನವರನ್ನು ಕೇಳಿ: ಇವರಿಗೆ ಬಾಯಲ್ಲಿ ಕೊಡಬಹುದಾ? ಮೂಗಿಗೆ ನಳಿಗೆ ಹಾಕಿದ್ದರಂತೂ ಕೇಳದೆ ಹನಿ ನೀರೂ ಬೇಡ. ಕೊಡಬಹುದು ಅಂದರೆ ಎಬ್ಬಿಸಿ ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ, ಗಲ್ಲ ಸ್ವಲ್ಪ ಕೆಳಗಿರಲಿ. ಎದುರಿಗೆ ಕೂತುಕೊಳ್ಳಿ, ನಿಂತು ಕೊಟ್ಟರೆ ಅವರು ತಲೆ ಮೇಲೆತ್ತುತ್ತಾರೆ. ಅರ್ಧ ಚಮಚ ಕೊಟ್ಟು ಗಂಟಲು ನೋಡಿ. ಗಂಟಲು ಮೇಲೆ ಹೋಗಿ ಇಳಿದ ಮೇಲೆ ಬಾಯಿ ತೆರೆಸಿ, ಕೆನ್ನೆಯೊಳಗೆ ಅನ್ನ ಉಳಿದಿದೆಯಾ ನೋಡಿ. ಆಮೇಲೆ ಇನ್ನೊಂದು ಚಮಚ. ಕೆಲವರಿಗೆ ತೆಳು ನೀರಿಗಿಂತ ಮಂದ ಗಂಜಿ ಸುಲಭ, ಎಲ್ಲರಿಗೂ ಹಾಗಲ್ಲ, ಅದನ್ನು ನೋಡಿಕೊಳ್ಳುವವರೇ ಹೇಳಬೇಕು. ಊಟ ಆದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಎಷ್ಟೋ ದಿನ ಉಪವಾಸ ಬಿದ್ದವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ.

1994ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಕಾಳಿಘಾಟ್‌ನ ಈ ಮನೆಗೆ ಹೋಗಿಬಂದು ಬರೆದರು. ಅಲ್ಲಿನ ಶುಚಿ, ಗಾಯ ನೋಡಿಕೊಳ್ಳುವ ರೀತಿ, ಅಕ್ಕರೆ ಎಲ್ಲವನ್ನೂ ಮೆಚ್ಚಿಕೊಂಡರು. ಆದರೆ ವೈದ್ಯರು ಆಗೀಗ ಮಾತ್ರ ಬರುತ್ತಾರೆ, ನೋವು ತಗ್ಗಿಸುವ ಬಲವಾದ ಔಷಧಿ ಇಲ್ಲ ಅಂತಲೂ ನೇರವಾಗಿ ಹೇಳಿದರು. ಅದನ್ನು ಓದಿ ಕೋಪ ಮಾಡಿಕೊಂಡವರು ನನಗೆ ಗೊತ್ತು. ನನಗೆ ಕೋಪ ಬರಲಿಲ್ಲ. ಅಕ್ಕರೆ ಇರುವ ಕಡೆ ಕಲಿಸುವುದು ಸುಲಭ.

ಹೋದ ವರ್ಷ ನಮ್ಮ ಕಡೆಯ ಒಬ್ಬ ಹುಡುಗ ಅಲ್ಲಿಗೆ ಹೊರಟಾಗ ಇದಿಷ್ಟೂ ಹೇಳಿ ಕಳಿಸಿದ್ದೆ. ನಾಲ್ಕು ದಿನ ಅವನಿಗೆ ಊಟ ಮಾಡಿಸುವ ಕೆಲಸ ಸಿಗಲಿಲ್ಲ. ಕೈಯಲ್ಲೇ ಹೊದಿಕೆ ಒಗೆದ, ಪಾತ್ರೆ ತೊಳೆದ. ಐದನೇ ದಿನ ಒಬ್ಬ ತಾತನ ಎದುರು ಕೂರಿಸಿದರಂತೆ. ರಾತ್ರಿ ಫೋನ್ ಮಾಡಿ ಅಂದ, "ಅಕ್ಕಾ, ಅರ್ಧ ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ ಹಿಡೀತು. ಒಂದ್ಸಲನೂ ಕೆಮ್ಮಲಿಲ್ಲ. ಪ್ರತಿ ಸಲ ಗಂಟಲು ಇಳಿಯೋದನ್ನ ನೋಡ್ದೆ."