ಹಡಗಿನ ಓಲಾಟವನ್ನು ತೊಟ್ಟಿಯಲ್ಲಿ ಅಳೆದ ಬಗೆ

ಕಡಲು ಕಾಣದ ಕೋಲಾರದ ಮಕ್ಕಳಿಗೆ ಬಿರುಗಾಳಿಯಲ್ಲಿ ಹಡಗು ಏಕೆ ಹೊಯ್ದಾಡುತ್ತದೆ ಎಂದು ತಿಳಿಸಲು ಯುಗಾದಿಯಂದು ಹುಣಸೆ ಮರಕ್ಕೆ ಕಟ್ಟುವ ಉಯ್ಯಾಲೆಯೇ ಸಾಕು. ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಿದ್ದರೆ ಪುಟ್ಟ ಕೈಯೂ ಅದನ್ನು ಬಲು ಎತ್ತರಕ್ಕೆ ಏರಿಸಬಲ್ಲದು. ಪ್ರತಿ ಹಡಗಿಗೂ ಹೀಗೆ ತನ್ನದೇ ಓಲಾಟದ ಅವಧಿಯುಂಟು. ಪಕ್ಕದಿಂದ ಬರುವ ಅಲೆಗಳ ಅವಧಿ ಅದಕ್ಕೆ ಹೊಂದಿದಾಗ ಅಪಾಯ ಹೆಚ್ಚುತ್ತದೆ ಎಂಬುದನ್ನು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1861ರಲ್ಲಿ ಗಣಿತದ ಮೂಲಕ ವಿವರಿಸಿದರು.

1870ರ ಸೆಪ್ಟೆಂಬರ್ 7ರಂದು ಬ್ರಿಟಿಷ್ ಯುದ್ಧನೌಕೆ ‘ಕ್ಯಾಪ್ಟನ್’ ಸ್ಪೇನ್ ಕರಾವಳಿಯಾಚೆ ಬಿರುಗಾಳಿಗೆ ಮಗುಚಿ, ಅದನ್ನು ರೂಪಿಸಿದ ಕೌಪರ್ ಕೋಲ್ಸ್ ಸೇರಿದಂತೆ 470ಕ್ಕೂ ಹೆಚ್ಚು ಮಂದಿ ಮುಳುಗಿದರು. ಅದೇ ರಾತ್ರಿ ಅದೇ ಗಾಳಿಯನ್ನು ಇನ್ನೊಂದು ಬ್ರಿಟಿಷ್ ಯುದ್ಧನೌಕೆ ‘ಮೊನಾರ್ಕ್’ ತಾಳಿಕೊಂಡಿತು.

ಫ್ರೌಡ್ ನೌಕಾಪಡೆಯ ಹಣದಿಂದ ಟಾರ್ಕಿಯಲ್ಲಿ ಕಟ್ಟಿಸಿದ ಸುಮಾರು 85 ಮೀಟರ್ ಉದ್ದದ ತೊಟ್ಟಿಯಲ್ಲಿ 1872ರಿಂದ ಮೇಣದ ಮಾದರಿಗಳನ್ನು ಎಳೆದು ನೀರಿನ ತಡೆಯನ್ನು ಅಳೆಯತೊಡಗಿದರು. ಮಾದರಿಯ ವೇಗವನ್ನು ಅಳತೆಯ ಅನುಪಾತದಲ್ಲಲ್ಲ, ಅದರ ವರ್ಗಮೂಲದ ಅನುಪಾತದಲ್ಲಿ ತಗ್ಗಿಸಬೇಕೆಂಬುದು ಅವರ ನಿಯಮ. 125 ಮೀಟರ್ ಹಡಗನ್ನು 25ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಾದರಿ 5 ಮೀಟರ್, 5 ಮೀಟರ್ ಅಲೆ 20 ಸೆಂಟಿಮೀಟರ್ ಆಗುತ್ತದೆ; ಆದರೆ ಸಮಯವೂ ವೇಗದಂತೆ ವರ್ಗಮೂಲದ ಅನುಪಾತದಲ್ಲೇ, ಅಂದರೆ 5ರಲ್ಲಿ ಒಂದು ಪಾಲಿಗೆ ತಗ್ಗುವುದರಿಂದ, 10 ಸೆಕೆಂಡಿನ ಓಲಾಟ 2 ಸೆಕೆಂಡಿಗೆ ಬರುತ್ತದೆ. ಕಡಲನ್ನು ತೊಟ್ಟಿಗೆ ತಂದದ್ದು ಈ ಲೆಕ್ಕವೇ ಎಂಬುದು ನನ್ನ ದೃಢ ಅಭಿಪ್ರಾಯ.

ನಿಜವಾದ ಕಡಲಲ್ಲಿ ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಅಂಥ ಗೊಂದಲದ ಅಲೆಗಳನ್ನು ಹಲವು ಸರಳ ಅಲೆಗಳ ಮೊತ್ತವೆಂದು ಎಣಿಸಿ ಹಡಗಿನ ಚಲನೆಯನ್ನು ಲೆಕ್ಕ ಹಾಕುವ ದಾರಿಯನ್ನು 1953ರಲ್ಲಿ ಸೇಂಟ್ ಡೆನಿಸ್ ಮತ್ತು ಪಿಯರ್ಸನ್ ತೋರಿಸಿದರು. ಇಂದಿನ ಪರೀಕ್ಷಾ ಕೊಳಗಳಲ್ಲಿ ಕಂಪ್ಯೂಟರ್ ಆಡಿಸುವ ಹಲಗೆಗಳು ಇಂಥದೇ ಅಲೆಗಳನ್ನು ಎಬ್ಬಿಸುತ್ತವೆ. ಎದುರು ದಡದ ಇಳಿಜಾರು ಅವು ಮರಳಿ ಬಾರದಂತೆ ಅಡಗಿಸುತ್ತದೆ. ನಮ್ಮ ದೇಶದಲ್ಲಿ ಯುದ್ಧನೌಕೆಗಳ ಮಾದರಿಗಳನ್ನು ವಿಶಾಖಪಟ್ಟಣದ ನೌಕಾ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ.

ಆದರೂ 1998ರ ಅಕ್ಟೋಬರ್‌ನಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ‘ಎಪಿಎಲ್ ಚೈನಾ’ ಹಡಗು ಅಲೆಗಳಿಗೆ ಎದುರಾಗಿ ಸಾಗುತ್ತಿದ್ದಾಗಲೇ ಪಕ್ಕಕ್ಕೆ ಭೀಕರವಾಗಿ ಓಲಾಡಿ ನೂರಾರು ಕಂಟೇನರುಗಳನ್ನು ಕಳೆದುಕೊಂಡಿತು. ಪಕ್ಕದಿಂದ ತಳ್ಳುವವರಿಲ್ಲದೆ ಉಯ್ಯಾಲೆ ಏರುವುದೆಂದರೆ, ಅದರ ಮೇಲೆ ನಿಂತವರು ಜೀಕುವುದು. ಅಲ್ಲಿ ಆದದ್ದೂ ಅದೇ: ಅಲೆಯ ಏರಿಳಿತಕ್ಕೆ ನೀರಿನ ಮಟ್ಟದಲ್ಲಿನ ಹಡಗಿನ ಅಗಲ ಬದಲಾಗಿ, ಒಂದು ಓಲಾಟಕ್ಕೆ ಎರಡು ಬಾರಿ ಜೀಕಿದಂತಾಗಿತ್ತು. ನೆದರ್ಲೆಂಡ್ಸ್‌ನ ಕೊಳದಲ್ಲಿ ಮಾದರಿಯೂ ಹಾಗೆಯೇ ಓಲಾಡಿತು. ಇಂಥ ಸಂದರ್ಭದಲ್ಲಿ ವೇಗವನ್ನೋ ದಿಕ್ಕನ್ನೋ ಬದಲಿಸಿ ಆ ಲಯವನ್ನು ಮುರಿಯುವಂತೆ 2007ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ನಾವಿಕರಿಗೆ ತಿಳಿಸುತ್ತದೆ.