ಗ್ರೆಗ್ ಅಲೆಕ್ಸಾಂಡರ್: ಬ್ಯಾಂಡ್ ಬಿಟ್ಟ ಮೇಲಿನ ಹಾಡುಗಳು

ಪಾಪ್ ಸಂಗೀತವನ್ನು ಒಂದು ವೃತ್ತಿಯಾಗಿ ಓದುತ್ತಿರುವವರು ಗ್ರೆಗ್ ಅಲೆಕ್ಸಾಂಡರ್ ಅವರನ್ನು ಬಿಡಬಾರದು. ಅವರು ಅಮೆರಿಕದ ಮಿಶಿಗನ್‌ನ ಗಾಯಕ, ಗೀತರಚನೆಕಾರ. 1989 ಮತ್ತು 1992ರಲ್ಲಿ ತಮ್ಮ ಹೆಸರಿನಲ್ಲೇ ಎರಡು ಆಲ್ಬಂ ತಂದರು, ಎರಡೂ ಓಡಲಿಲ್ಲ. ಆಮೇಲೆ ನ್ಯೂ ರ‍್ಯಾಡಿಕಲ್ಸ್ ಬ್ಯಾಂಡ್ ಕಟ್ಟಿದರು. 1998ರ ‘ಯೂ ಗೆಟ್ ವಾಟ್ ಯೂ ಗಿವ್’ ಹಲವು ದೇಶಗಳಲ್ಲಿ ಹಿಟ್ ಆಯಿತು.

1999ರ ಜುಲೈನಲ್ಲಿ, ಎರಡನೇ ಸಿಂಗಲ್ (ಆಲ್ಬಂನಿಂದ ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) ಹೊರಬರುವ ಮೊದಲೇ, ಬ್ಯಾಂಡ್ ಮುಗಿಯಿತು ಎಂದು ಅವರು ಹೇಳಿಬಿಟ್ಟರು. ಊರೂರು ಸುತ್ತಿ ಪ್ರಚಾರ ಮಾಡುವುದು ಸಾಕಾಗಿತ್ತು. ಹಾಡು ಬರೆಯುವುದು, ಸ್ಟುಡಿಯೊದಲ್ಲಿ ಪ್ರೊಡ್ಯೂಸರ್ ಆಗಿ ಕೂರುವುದು ಬೇಕಿತ್ತು. ಯಾವ ವಾದ್ಯ ಎಲ್ಲಿ ಬರಬೇಕು, ಗಾಯಕರು ಹಾಡಿದ್ದರಲ್ಲಿ ಯಾವ ಟೇಕ್ ಉಳಿಯಬೇಕು ಎಂದು ತೀರ್ಮಾನಿಸುವುದೇ ಪ್ರೊಡ್ಯೂಸರ್ ಕೆಲಸ.

ಅವರನ್ನು ಒಂದೇ ಹಿಟ್‌ನ ಕಲಾವಿದ ಎಂದು ಬರೆಯುವವರು ಜಾಸ್ತಿ. ಇದು ಅನ್ಯಾಯ. ರೋನನ್ ಕೀಟಿಂಗ್ ಹಾಡಿದ ‘ಲೈಫ್ ಈಸ್ ಎ ರೋಲರ್‌ಕೋಸ್ಟರ್’ 2000ದಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದನ್ನು ಅಲೆಕ್ಸಾಂಡರ್ ಅವರು ರಿಕ್ ನೋವೆಲ್ಸ್ ಜೊತೆ ಬರೆದಿದ್ದರು. ಸಾಂಟಾನಾ ಮತ್ತು ಮಿಶೆಲ್ ಬ್ರಾಂಚ್ ಅವರ ‘ದ ಗೇಮ್ ಆಫ್ ಲವ್’ ಬರೆದದ್ದೂ ಅಲೆಕ್ಸಾಂಡರ್, ನೋವೆಲ್ಸ್ ಜೋಡಿಯೇ. ಅದಕ್ಕೆ 2003ರಲ್ಲಿ ಗ್ರ್ಯಾಮಿ ಬಂತು. ಡೇನಿಯಲ್ ಬ್ರಿಸೆಬೋಯ್ ಜೊತೆ ಬರೆದ ‘ಲಾಸ್ಟ್ ಸ್ಟಾರ್ಸ್’ 2015ರ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಕೇಳಿದವರು ಕೋಟ್ಯಂತರ, ಬರೆದವರ ಮುಖ ಗೊತ್ತಿದ್ದವರು ಕಡಿಮೆ. ಅವರಿಗೆ ಬೇಕಿದ್ದದ್ದೂ ಅದೇ ಅಲ್ವಾ?

ಈಗ ಗಮನವಿಟ್ಟು ಓದಬೇಕಾದ ಭಾಗ. ಒಂದು ಹಾಡಿಗೆ ಎರಡು ಬೇರೆ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಬರೆದವರ ಗಳಿಕೆ ಮೊದಲನೆಯದರಿಂದ. ಅದೇ ಹಾಡನ್ನು ನಾಳೆ ಬೇರೊಬ್ಬರು ಹೊಸದಾಗಿ ಹಾಡಿದರೂ ಬರೆದವರಿಗೆ ಪಾಲು ಬರುತ್ತದೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೊದಲ್ಲಂತೂ ಹಾಡು ಬರೆದವರಿಗೆ ರಾಯಲ್ಟಿ ಇದೆ, ಹಾಡಿದವರಿಗೆ ಇಲ್ಲ. ಹಾಡಿದವರ ಮಟ್ಟಿಗೆ ಇದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಗೀತರಚನೆ ಏಕೆ ಗಟ್ಟಿ ವೃತ್ತಿ ಎನ್ನುವುದು ಇಲ್ಲಿ ಅರ್ಥವಾಗುತ್ತದೆ.

ಅಲೆಕ್ಸಾಂಡರ್ ಅವರು ಗಾಯಕಿ ಸೋಫಿ ಎಲಿಸ್-ಬೆಕ್ಸ್ಟರ್ ಜೊತೆ ಸೇರಿ ಬರೆದ ‘ಮರ್ಡರ್ ಆನ್ ದ ಡಾನ್ಸ್‌ಫ್ಲೋರ್’ ಇದಕ್ಕೆ ಒಳ್ಳೆಯ ಉದಾಹರಣೆ. 2001ರಲ್ಲಿ ಅದು ಬ್ರಿಟನ್‌ನಲ್ಲಿ ಎರಡನೇ ಸ್ಥಾನಕ್ಕೇರಿತ್ತು. 2023ರ ‘ಸಾಲ್ಟ್‌ಬರ್ನ್’ ಚಿತ್ರದ ಕೊನೆಯಲ್ಲಿ ಬಳಕೆಯಾದ ಮೇಲೆ, 2024ರ ಜನವರಿಯಲ್ಲಿ ಮತ್ತೆ ಅದೇ ಸ್ಥಾನ ತಲುಪಿತು. ಸಿನಿಮಾದಲ್ಲಿ ಹೀಗೆ ಹಳೆಯ ಮುದ್ರಣವನ್ನೇ ಬಳಸಬೇಕಾದರೆ ಎರಡೂ ಹಕ್ಕುಗಳಿಗೆ ಬೇರೆ ಬೇರೆ ಅನುಮತಿ ಪಡೆಯಬೇಕು, ಬೇರೆ ಬೇರೆ ಹಣ ಕೊಡಬೇಕು.